ವಿಶೇಷ ಶಿಕ್ಷಕರಾಗುವ ಅರ್ಹತೆ: ಕೋರ್ಸಿನ ಆಯ್ಕೆಯಿಂದ ಸಿಆರ್‌ಆರ್ ನವೀಕರಣದವರೆಗೆ

ಕೆಲವು ವರ್ಷಗಳ ಹಿಂದೆ ಯುವತಿಯೊಬ್ಬರು ತಮ್ಮ ಪ್ರಮಾಣಪತ್ರಗಳ ಕಡತವನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಒಂದು ವರ್ಷದ ‘ವಿಶೇಷ ಶಿಕ್ಷಣ ಡಿಪ್ಲೊಮಾ’ ಇತ್ತು, ಹೊಳೆಯುವ ಮುದ್ರೆಯೂ ಇತ್ತು. ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಮಕ್ಕಳೊಂದಿಗೆ ಅವರು ಮಾಡುತ್ತಿದ್ದ ಕೆಲಸದಲ್ಲಿ ಕೊರತೆಯೇನೂ ಇರಲಿಲ್ಲವಾದರೂ ಅರ್ಹತೆಗಾಗಿ ಅವರು ಮತ್ತೆ ಎರಡು ವರ್ಷ ಓದಬೇಕಾಯಿತು. ಈ ದಾರಿಯಲ್ಲಿ ಹೊರಟವರಿಗೆ ಆಗುವ ನಷ್ಟದಲ್ಲಿ ಹೆಚ್ಚಿನದು ಪರೀಕ್ಷೆಯ ಕಷ್ಟದಿಂದ ಆಗುವುದಿಲ್ಲ, ಪ್ರವೇಶ ಪಡೆಯುವ ಮೊದಲು ವಿಚಾರಿಸದೆ ಇರುವುದರಿಂದ ಆಗುತ್ತದೆ. ಆದ್ದರಿಂದ ಕರ್ನಾಟಕದಲ್ಲಿ ವಿಶೇಷ ಶಿಕ್ಷಕರಾಗಲು ಬಯಸುವವರು ಯಾವ ಕ್ರಮದಲ್ಲಿ ಹೆಜ್ಜೆ ಇಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಅರ್ಹತೆಯನ್ನು ಕೊಡುವವರು ಯಾರು?

ಭಾರತದಲ್ಲಿ ವಿಶೇಷ ಶಿಕ್ಷಣದ ತರಬೇತಿಯನ್ನು ನಿಯಂತ್ರಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. ಕ್ಷೇತ್ರದಲ್ಲಿರುವವರೆಲ್ಲ ಇದನ್ನು ಆರ್‌ಸಿಐ ಎಂದೇ ಕರೆಯುತ್ತಾರೆ. 1986ರಲ್ಲಿ ನೋಂದಾಯಿತ ಸಂಘವಾಗಿ ಆರಂಭವಾದ ಈ ಪರಿಷತ್ತಿಗೆ ಸಂಸತ್ತು 1992ರಲ್ಲಿ ಕಾಯ್ದೆಯ ಬಲವನ್ನು ಕೊಟ್ಟಿತು. 1993ರ ಜೂನ್ ತಿಂಗಳಿನಿಂದ ಅದು ಶಾಸನಬದ್ಧ ಸಂಸ್ಥೆಯಾಗಿ ಕೆಲಸ ಮಾಡುತ್ತಿದೆ. ಪರಿಷತ್ತು ಇಟ್ಟಿರುವ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ, ಅಂದರೆ ಸಿಆರ್‌ಆರ್‌ನಲ್ಲಿ, ಹೆಸರಿಲ್ಲದವರು ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವಂತಿಲ್ಲವೆಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಈ ವೃತ್ತಿಪರರ ಪಟ್ಟಿಯಲ್ಲಿ ಶ್ರವಣತಜ್ಞರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮೊದಲಾದವರೊಂದಿಗೆ ವಿಶೇಷ ಶಿಕ್ಷಕರೂ ಸೇರಿದ್ದಾರೆ.

ಸಾಮಾನ್ಯ ಡಿ.ಎಡ್. ಮತ್ತು ಬಿ.ಎಡ್. ಕೋರ್ಸುಗಳಿಗೆ ಮಾನ್ಯತೆ ಕೊಡುವುದು ಬೇರೊಂದು ಸಂಸ್ಥೆ: ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಎರಡು ಪರಿಷತ್ತುಗಳನ್ನು ಒಂದೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಸಾಮಾನ್ಯ ಬಿ.ಎಡ್. ಪಠ್ಯದಲ್ಲಿಯೂ ಸಮನ್ವಯ ಶಿಕ್ಷಣದ ಪತ್ರಿಕೆ ಇರುತ್ತದೆ. ಅದನ್ನು ಓದಿ ಉತ್ತೀರ್ಣರಾದ ಮಾತ್ರಕ್ಕೆ ಯಾರೂ ವಿಶೇಷ ಶಿಕ್ಷಕರಾಗುವುದಿಲ್ಲ.

ಹೀಗೆ ವಿಶೇಷ ಶಿಕ್ಷಕರ ಅರ್ಹತೆಯೆಂಬುದು ಒಂದರ ಮೇಲೊಂದು ನಿಂತ ಮೂರು ಮೆಟ್ಟಿಲುಗಳು. ಆರ್‌ಸಿಐ ಮಾನ್ಯತೆಯ ಕೋರ್ಸು ಮೊದಲನೆಯದು, ಸಿಆರ್‌ಆರ್ ನೋಂದಣಿ ಎರಡನೆಯದು, ಸೇರಬೇಕೆಂದಿರುವ ಹುದ್ದೆಯ ನೇಮಕಾತಿ ನಿಯಮ ಕೇಳುವ ಹೆಚ್ಚುವರಿ ಅರ್ಹತೆ ಮೂರನೆಯದು. ಕೆಳಗಿನದು ಗಟ್ಟಿಯಿಲ್ಲದಿದ್ದರೆ ಮೇಲಿನವು ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಯಾವ ಮಕ್ಕಳೊಂದಿಗೆ ಕೆಲಸ ಮಾಡುತ್ತೀರಿ?

ವಿಶೇಷ ಶಿಕ್ಷಣದ ಡಿಪ್ಲೊಮಾ ಮತ್ತು ಪದವಿಗಳನ್ನು ಸಾಮಾನ್ಯವಾಗಿ ವಿಕಲತೆಯ ವಿಭಾಗಕ್ಕೆ ಅನುಸಾರವಾಗಿ ಕೊಡಲಾಗುತ್ತದೆ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ವಿಕಲತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಬಹುವಿಕಲತೆ ಇವು ಮುಖ್ಯವಾದವು. ನೀವು ಆರಿಸಿಕೊಂಡ ವಿಭಾಗವು ಪ್ರಮಾಣಪತ್ರದಲ್ಲಿ ದಾಖಲಾಗುತ್ತದೆ, ನೋಂದಣಿಯಲ್ಲಿಯೂ ದಾಖಲಾಗುತ್ತದೆ. ಮುಂದೆ ಅರ್ಜಿ ಹಾಕುವ ಎಷ್ಟೋ ಹುದ್ದೆಗಳಲ್ಲಿ ಅದನ್ನೇ ಮೊದಲು ನೋಡುತ್ತಾರೆ. ಮನೆಗೆ ಹತ್ತಿರದಲ್ಲಿ ಯಾವ ಕೋರ್ಸ್ ಇದೆಯೋ ಅದಕ್ಕೆ ಸೇರಿಬಿಡುವ ಅಭ್ಯಾಸ ನಮ್ಮಲ್ಲಿದೆ. ನನಗೆ ಅದು ಸರಿಯೆನಿಸುವುದಿಲ್ಲ, ಏಕೆಂದರೆ ವಿಭಾಗದಿಂದ ವಿಭಾಗಕ್ಕೆ ದಿನನಿತ್ಯದ ಕೆಲಸವೇ ಬೇರೆಯಾಗುತ್ತದೆ.

ದೃಷ್ಟಿದೋಷ ವಿಭಾಗವನ್ನು ಆರಿಸಿದವರು ಮೊದಲ ದಿನಗಳಿಂದಲೇ ಬ್ರೈಲ್ ಕಲಿಯಬೇಕು. ಭಾರತೀಯ ಭಾಷೆಗಳಿಗೆ 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಕನ್ನಡಕ್ಕೂ ಆಧಾರ. ಆರು ಚುಕ್ಕೆಗಳ ಈ ಲಿಪಿಯಲ್ಲಿ ಕಾಗುಣಿತ ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ. ‘ಕಿ’ ಎಂದು ಬರೆಯಲು ‘ಕ’ದ ಕೋಶವನ್ನೂ ಅದರ ಮುಂದೆ ‘ಇ’ ಸ್ವರದ ಕೋಶವನ್ನೂ ಇಡಬೇಕು. ಚೌಕಟ್ಟು ಮತ್ತು ಮೊಳೆಯಿಂದ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಚುಚ್ಚಿ, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಜೊತೆಗೆ ಅಬ್ಯಾಕಸ್, ಮುಟ್ಟಿ ಲೆಕ್ಕ ಮಾಡುವ ಟೇಲರ್ ಚೌಕಟ್ಟು ಮತ್ತು ಬಿಳಿಕೋಲು ಹಿಡಿದು ನಡೆಯುವ ತರಬೇತಿ ಇರುತ್ತದೆ. ಕಣ್ಣು ಕಾಣುವ ಶಿಕ್ಷಕ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಳ ದಾಟಿದ ದಿನ ಪಾಠದ ಅರ್ಥ ಅವನಿಗೆ ತಿಳಿಯತೊಡಗುತ್ತದೆ.

ಶ್ರವಣದೋಷ ವಿಭಾಗದಲ್ಲಿ ಭಾಷೆಯ ಬೆಳವಣಿಗೆಯೇ ಕೇಂದ್ರ. ಕೇಳುವ ಶಕ್ತಿಯನ್ನು ತೋರಿಸುವ ನಕ್ಷೆಯಾದ ಆಡಿಯೋಗ್ರಾಮ್ ಓದುವುದು, ಶ್ರವಣಯಂತ್ರದ ನಿರ್ವಹಣೆ, ಭಾರತೀಯ ಸನ್ನೆ ಭಾಷೆ ಇವೆಲ್ಲ ಇರುತ್ತವೆ. ಕನ್ನಡದಲ್ಲಿ ಕಲಿಸುವವರಿಗೆ ಇನ್ನೊಂದು ಕಷ್ಟವಿದೆ. ‘ಅವನಿಗೆ’, ‘ಅವನಿಂದ’, ‘ಅವನಲ್ಲಿ’ ಎಂಬ ವಿಭಕ್ತಿಗಳ ಅರ್ಥವೆಲ್ಲ ಪದದ ಕೊನೆಯಲ್ಲಿ, ಮೆಲ್ಲಗೆ ಇಳಿಯುವ ದನಿಯಲ್ಲಿ ಇದೆ. ಕಿವಿ ಸರಿಯಾಗಿ ಕೇಳದ ಮಗುವಿನ ಬರವಣಿಗೆಯಲ್ಲಿ ಮೊದಲು ಜಾರಿಹೋಗುವುದೂ ಅದೇ ಭಾಗ. ಬೌದ್ಧಿಕ ವಿಕಲತೆಯ ವಿಭಾಗದಲ್ಲಿ ಅಂಗಿಯ ಗುಂಡಿ ಹಾಕುವುದನ್ನು ಎಂಟೋ ಹತ್ತೋ ಸಣ್ಣ ಹಂತಗಳಾಗಿ ಒಡೆದು, ತಿಂಗಳುಗಟ್ಟಲೆ ಕಲಿಸಿ, ಪ್ರತಿದಿನ ಎಷ್ಟು ನೆರವು ಕೊಡಬೇಕಾಯಿತೆಂದು ದಾಖಲಿಸುವ ತಾಳ್ಮೆ ಬೇಕು. ಕಲಿಕಾ ನ್ಯೂನತೆಯ ವಿಭಾಗದವರು ಒತ್ತಕ್ಷರದ ಬಳಿ ಪದೇ ಪದೇ ಎಡವುವ, ಉಳಿದೆಲ್ಲದರಲ್ಲಿ ಚುರುಕಾಗಿರುವ ಮಗುವನ್ನು ‘ಸೋಮಾರಿ’ ಎಂಬ ಹಣೆಪಟ್ಟಿಯಿಂದ ಬಿಡಿಸಿಕೊಳ್ಳುವ ಕೆಲಸವನ್ನೂ ಮಾಡಬೇಕಾಗುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮೊದಲು ಕನಿಷ್ಠ ಎರಡು ವಾರ, ಎರಡು ಬೇರೆ ಬೇರೆ ವಿಶೇಷ ಶಾಲೆಗಳಲ್ಲಿ ಸ್ವಯಂಸೇವಕರಾಗಿ ಕುಳಿತು ನೋಡಿ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು ಕೇಳಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಕೆಲಸ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರೊಂದಿಗೆ, ಅಂದರೆ ಬಿಐಇಆರ್‌ಟಿಗಳೊಂದಿಗೆ ಮಾತನಾಡಿದರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣದ ಪರಿಚಯವೂ ಆಗುತ್ತದೆ.

ಎರಡನೆಯ ಹೆಜ್ಜೆ: ಡಿಪ್ಲೊಮಾ ಅಥವಾ ಪದವಿ

ವಿಶೇಷ ಶಿಕ್ಷಣದ ಡಿ.ಎಡ್. ಎರಡು ವರ್ಷದ ಡಿಪ್ಲೊಮಾ. ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಯಾವುದೇ ವಿಭಾಗದಲ್ಲಿ ಶೇ. 50 ಅಂಕ ಪಡೆದವರು ಇದಕ್ಕೆ ಅರ್ಹರು. ಮೀಸಲಾತಿಗೆ ಒಳಪಟ್ಟವರಿಗೆ ನಿಯಮದಂತೆ ಸಡಿಲಿಕೆ ಇರುತ್ತದೆ. ಈ ಡಿಪ್ಲೊಮಾ ಕೋರ್ಸುಗಳ ಪರೀಕ್ಷೆಯನ್ನು ನಡೆಸುವುದು ಆರ್‌ಸಿಐಗೆ ಹೊಂದಿಕೊಂಡ ರಾಷ್ಟ್ರೀಯ ಪುನರ್ವಸತಿ ಪರೀಕ್ಷಾ ಮಂಡಳಿ. ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸಲು ಇಚ್ಛಿಸುವವರಿಗೆ ಮತ್ತು ಬೇಗ ಕೆಲಸಕ್ಕೆ ಸೇರಬೇಕಾದವರಿಗೆ ಇದು ಸರಿಯಾದ ದಾರಿ.

ವಿಶೇಷ ಶಿಕ್ಷಣದ ಬಿ.ಎಡ್.ಗೆ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕ ಬೇಕು. ಮೊದಲು ಒಂದು ವರ್ಷದ್ದಾಗಿದ್ದ ಈ ಕೋರ್ಸ್ 2015ರಿಂದ ನಾಲ್ಕು ಸೆಮಿಸ್ಟರುಗಳ ಎರಡು ವರ್ಷದ್ದಾಯಿತು. ಪರೀಕ್ಷೆ ನಡೆಸಿ ಪದವಿ ಕೊಡುವುದು ಆಯಾ ವಿಶ್ವವಿದ್ಯಾಲಯ. ಪಠ್ಯಕ್ರಮ ಮಾತ್ರ ಆರ್‌ಸಿಐ ನಿಗದಿ ಮಾಡಿದ ಚೌಕಟ್ಟಿನದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, ‘ಆಯಿಷ್’ ಎಂದು ಜನ ಕರೆಯುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷ ವಿಭಾಗದ ಬಿ.ಎಡ್. ಮತ್ತು ಎಂ.ಎಡ್. ಎರಡೂ ಇವೆ. ಬೌದ್ಧಿಕ ವಿಕಲತೆಯ ಕ್ಷೇತ್ರಕ್ಕೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮುಖ್ಯವಾದುದು. ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರವು ಅದರ ಆಡಳಿತದಲ್ಲಿಯೇ ಇದೆ. ದೃಷ್ಟಿದೋಷಕ್ಕೆ ಡೆಹ್ರಾಡೂನ್, ಬಹುವಿಕಲತೆಗೆ ಚೆನ್ನೈ ಬಳಿಯ ಮುಟ್ಟುಕಾಡಿನ ರಾಷ್ಟ್ರೀಯ ಸಂಸ್ಥೆಗಳಿವೆ.

ಈಗಾಗಲೇ ಸಾಮಾನ್ಯ ಬಿ.ಎಡ್. ಮುಗಿಸಿದವರು ಮತ್ತೊಂದು ಬಿ.ಎಡ್. ಮಾಡಲೇಬೇಕೇ ಎಂದು ಕೇಳುತ್ತಾರೆ. ಸಾಮಾನ್ಯ ಬಿ.ಎಡ್. ಜೊತೆಗೆ ಆರ್‌ಸಿಐ ಮಾನ್ಯತೆಯ ಎರಡು ವರ್ಷದ ವಿಶೇಷ ಶಿಕ್ಷಣ ಡಿಪ್ಲೊಮಾ ಇರುವವರನ್ನು ಒಪ್ಪುವ ನೇಮಕಾತಿಗಳಿವೆ. ಆದರೆ ಅದು ಆಯಾ ಅಧಿಸೂಚನೆಯ ಮಾತು. ಇನ್ನೊಂದು ಎಚ್ಚರಿಕೆ: ಸಮುದಾಯದಲ್ಲಿ ಕ್ಷೇತ್ರ ಕಾರ್ಯಕರ್ತರನ್ನು ಸಿದ್ಧಪಡಿಸುವ ಆರು ತಿಂಗಳ ಸಿಬಿಐಡಿ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದ್ದರೂ ಅದು ಶಿಕ್ಷಕರ ಅರ್ಹತೆಯಲ್ಲ. ವಾರಾಂತ್ಯದ ಆನ್‌ಲೈನ್ ತರಗತಿಗಳು ಕೊಡುವ ‘ಸ್ಪೆಷಲ್ ಎಜುಕೇಟರ್’ ಪ್ರಮಾಣಪತ್ರಗಳ ವಿಷಯ ಹೇಳುವುದೇ ಬೇಡ. ಓದಿಗೆ ಅವು ನೆರವಾಗಬಹುದು, ನೋಂದಣಿಗೆ ನೆರವಾಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದೆ. ಈ ಬದಲಾವಣೆಯ ನೆರಳು ವಿಶೇಷ ಶಿಕ್ಷಣದ ಕೋರ್ಸುಗಳ ಮೇಲೂ ಬೀಳುವುದರಿಂದ, ಹಿಂದಿನ ವರ್ಷ ಪರಿಚಯದವರು ಹೇಗೆ ಸೇರಿದರು ಎಂಬುದನ್ನು ನಂಬಿ ಕೂರಬಾರದು. ನೀವು ಸೇರುವ ವರ್ಷದ ಸುತ್ತೋಲೆಯನ್ನು ಓದಿಯೇ ಮುಂದುವರಿಯಬೇಕು.

ಮೂರನೆಯ ಹೆಜ್ಜೆ: ಶುಲ್ಕ ಕಟ್ಟುವ ಮೊದಲಿನ ಪರಿಶೀಲನೆ

ಸಂಸ್ಥೆಯೊಂದಕ್ಕೆ ‘ಆರ್‌ಸಿಐ ಮಾನ್ಯತೆ ಇದೆ’ ಎಂಬ ಮಾತು ಅರ್ಧ ಸತ್ಯವಾಗಿರಬಹುದು. ಪರಿಷತ್ತು ಮಾನ್ಯತೆ ಕೊಡುವುದು ನಿರ್ದಿಷ್ಟ ಸಂಸ್ಥೆಯ ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ವಿಭಾಗಕ್ಕೆ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ಸಂಖ್ಯೆಯ ಸೀಟುಗಳಿಗೆ. ಬೌದ್ಧಿಕ ವಿಕಲತೆಯ ಡಿಪ್ಲೊಮಾಗೆ ಮಾನ್ಯತೆ ಇರುವ ಸಂಸ್ಥೆಯು ಅದೇ ಕಟ್ಟಡದಲ್ಲಿ ಆಟಿಸಂ ವಿಭಾಗವನ್ನೂ ನಡೆಸುತ್ತಿದ್ದರೆ ಎರಡನೆಯದಕ್ಕೆ ಬೇರೆಯಾಗಿಯೇ ಅನುಮತಿ ಇರಬೇಕು. ಪರಿಷತ್ತಿನ ಜಾಲತಾಣದಲ್ಲಿ ರಾಜ್ಯವಾರು ಪಟ್ಟಿ ಸಿಗುತ್ತದೆ. ಅದರಲ್ಲಿ ಸಂಸ್ಥೆಯ ಹೆಸರನ್ನು ಮಾತ್ರ ಹುಡುಕಿ ಸಮಾಧಾನಪಡದೆ, ವಿಭಾಗವನ್ನೂ ಅನುಮತಿಯ ಅವಧಿಯನ್ನೂ ನೋಡಿ, ಆ ಪುಟವನ್ನು ದಿನಾಂಕ ಸಹಿತ ಮುದ್ರಿಸಿ ಇಟ್ಟುಕೊಳ್ಳಿ.

ದೂರಶಿಕ್ಷಣದಲ್ಲಿ ಬಿ.ಎಡ್. ಮಾಡುವವರು ಇನ್ನಷ್ಟು ಎಚ್ಚರದಿಂದಿರಬೇಕು. ಮುಕ್ತ ವಿಶ್ವವಿದ್ಯಾಲಯಕ್ಕೆ ಆ ಕೋರ್ಸಿಗಾಗಿ ಆರ್‌ಸಿಐ ಒಪ್ಪಿಗೆ ಇರಬೇಕು, ಪ್ರಾಯೋಗಿಕ ತರಗತಿ ನಡೆಸುವ ಅಧ್ಯಯನ ಕೇಂದ್ರವೂ ಅದಕ್ಕೆ ತಕ್ಕುದಾಗಿರಬೇಕು. ‘ತರಗತಿಗೆ ಬರುವುದೇ ಬೇಡ, ಪರೀಕ್ಷೆ ಬರೆದರೆ ಸಾಕು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಮಕ್ಕಳ ಮುಂದೆ ನಿಲ್ಲದೆ ಮುಗಿಯುವ ಕೋರ್ಸ್ ಇದಲ್ಲ.

ನಾಲ್ಕನೆಯ ಹೆಜ್ಜೆ: ಓದು ಮತ್ತು ಪ್ರಾಯೋಗಿಕ ಕೆಲಸ

ಬಿ.ಎಡ್. ಪಠ್ಯದಲ್ಲಿ ಎಲ್ಲ ಶಿಕ್ಷಕರಿಗೂ ಬೇಕಾದ ಬಾಲವಿಕಾಸ ಮತ್ತು ಬೋಧನಾ ವಿಧಾನಗಳು, ಎಲ್ಲ ವಿಕಲತೆಗಳ ಪರಿಚಯ, ನೀವು ಆರಿಸಿದ ವಿಭಾಗದ ಆಳವಾದ ಅಧ್ಯಯನ, ಇವುಗಳ ಜೊತೆಗೆ ವಿಶೇಷ ಶಾಲೆ ಮತ್ತು ಸಾಮಾನ್ಯ ಶಾಲೆ ಎರಡರಲ್ಲಿಯೂ ಮಾಡುವ ಬೋಧನಾಭ್ಯಾಸ ಸೇರಿರುತ್ತವೆ. ಪಠ್ಯಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಮಕ್ಕಳೂ ತಂದೆತಾಯಿಯರೂ ಮಾತನಾಡುವುದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ. ಓದಿದ್ದನ್ನು ಪ್ರತಿ ವಾರ ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದು ನೋಡಿದರೆ ತಾಯಂದಿರಿಗೆ ವಿವರಿಸುವ ದಿನ ತಡವರಿಸಬೇಕಾಗುವುದಿಲ್ಲ.

ಪ್ರಾಯೋಗಿಕ ಭಾಗದ ತಿರುಳು ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರ ಬಾಯಲ್ಲಿ ಐಇಪಿ. ಮಗುವಿಗೆ ಈಗ ಏನು ಬರುತ್ತದೆ ಎಂಬುದನ್ನು ಅಳೆದು, ವರ್ಷದ ಗುರಿಯನ್ನೂ ಅದರೊಳಗಿನ ಅಲ್ಪಾವಧಿ ಗುರಿಗಳನ್ನೂ ನಿಗದಿಪಡಿಸಿ, ಕಲಿಸುವ ವಿಧಾನ ಮತ್ತು ಮೌಲ್ಯಮಾಪನದ ದಿನಾಂಕವನ್ನು ಬರೆಯುವ ದಾಖಲೆ ಅದು. ಅಳೆಯಲು ಬೌದ್ಧಿಕ ವಿಕಲತೆಯ ವಿಭಾಗದಲ್ಲಿ ಎಂಡಿಪಿಎಸ್ ಮತ್ತು ಎಫ್‌ಎಸಿಪಿ ತಪಶೀಲು ಪಟ್ಟಿಗಳನ್ನೂ, ನಡವಳಿಕೆಗೆ ಬೇಸಿಕ್–ಎಂಆರ್ ಮಾಪನವನ್ನೂ ಬಳಸುತ್ತಾರೆ. ‘ಮಗುವಿನ ಗಣಿತ ಸುಧಾರಿಸಬೇಕು’ ಎಂದು ಬರೆದರೆ ಅದು ಗುರಿಯಾಗುವುದಿಲ್ಲ. ‘ಹತ್ತು ರೂಪಾಯಿಯ ನೋಟು ಮತ್ತು ಐದು ರೂಪಾಯಿಯ ನಾಣ್ಯವನ್ನು ಮುಂದಿಟ್ಟಾಗ ಹೇಳಿದ್ದನ್ನು ಐದು ಬಾರಿಯಲ್ಲಿ ನಾಲ್ಕು ಬಾರಿ ನೆರವಿಲ್ಲದೆ ಎತ್ತಿಕೊಡುತ್ತಾನೆ’ ಎಂಬುದು ಗುರಿ. ಈ ವ್ಯತ್ಯಾಸವನ್ನು ಎರಡು ವರ್ಷಗಳಲ್ಲಿ ಕಲಿತವರಿಗೆ ವೃತ್ತಿಯ ಅರ್ಧ ಭಾಗ ಕೈಗೆ ಬಂದಂತೆ. ದಾಖಲೆ ಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ನಕಲು ಮಾಡುವವರಿದ್ದಾರೆ. ಸಂದರ್ಶನದಲ್ಲಿ ಒಂದು ಮಗುವಿನ ವಿಷಯ ಹೇಳಿ ಎಂದಾಗ ಅವರ ಬಣ್ಣ ಬಯಲಾಗುತ್ತದೆ.

ಐದನೆಯ ಹೆಜ್ಜೆ: ಸಿಆರ್‌ಆರ್ ನೋಂದಣಿ

ಫಲಿತಾಂಶ ಬಂದ ಮೇಲೆ ಆರ್‌ಸಿಐ ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಥವಾ ಪದವಿಯ ದಾಖಲೆಗಳು, ವಿಶೇಷ ಶಿಕ್ಷಣದ ಎಲ್ಲ ಅಂಕಪಟ್ಟಿಗಳು ಮತ್ತು ಪ್ರಮಾಣಪತ್ರ, ಗುರುತಿನ ಚೀಟಿ, ಭಾವಚಿತ್ರ, ಸಹಿ ಇವುಗಳನ್ನು ಸ್ಕ್ಯಾನ್ ಮಾಡಿ ಸೇರಿಸಿ ಶುಲ್ಕವನ್ನು ಆನ್‌ಲೈನಿನಲ್ಲಿ ಕಟ್ಟಬೇಕು. ಸ್ಕ್ಯಾನ್ ಮಾಡುವಾಗ ಅಂಕಪಟ್ಟಿಯ ಹಿಂಬದಿಯನ್ನು ಮರೆಯಬೇಡಿ.

ಕರ್ನಾಟಕದವರ ಅರ್ಜಿಗಳು ತಡವಾಗುವುದಕ್ಕೆ ಹೆಸರಿನ ವ್ಯತ್ಯಾಸ ಒಂದು ದೊಡ್ಡ ಕಾರಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ, ಆಧಾರ್‌ನಲ್ಲಿ ಅದೇ ಅಕ್ಷರ ಹೆಸರಿನ ಮೊದಲಿಗೆ ಬಂದಿರುತ್ತದೆ, ಮದುವೆಯ ನಂತರದ ದಾಖಲೆಯಲ್ಲಿ ಪತಿಯ ಹೆಸರು ಸೇರಿರುತ್ತದೆ. ಕೋರ್ಸಿಗೆ ಸೇರುವ ದಿನವೇ ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆ ಹೆಸರನ್ನು ಬರೆಸಿ, ಉಳಿದ ದಾಖಲೆಗಳನ್ನು ಆ ಎರಡು ವರ್ಷಗಳೊಳಗೆ ಸರಿಪಡಿಸಿಕೊಂಡರೆ ಕೊನೆಯಲ್ಲಿ ಪ್ರಮಾಣಿತ ಹೇಳಿಕೆಗಾಗಿ ನೋಟರಿಯ ಬಳಿಗೆ ಓಡುವುದು ತಪ್ಪುತ್ತದೆ.

ಮುಂದೆ ಎಂ.ಎಡ್. ಅಥವಾ ಇನ್ನೊಂದು ವಿಭಾಗದ ಡಿಪ್ಲೊಮಾ ಮಾಡಿದರೆ ಅದನ್ನು ಹೆಚ್ಚುವರಿ ಅರ್ಹತೆಯಾಗಿ ಅದೇ ನೋಂದಣಿಗೆ ಸೇರಿಸಬೇಕು. ಪ್ರಮಾಣಪತ್ರ ಕಪಾಟಿನಲ್ಲಿದ್ದು ನೋಂದಣಿಯಲ್ಲಿ ಇಲ್ಲವಾದರೆ ಅದರಿಂದ ಪ್ರಯೋಜನ ಕಡಿಮೆ.

ಆರನೆಯ ಹೆಜ್ಜೆ: ಹುದ್ದೆ ಕೇಳುವ ಅರ್ಹತೆ

ಖಾಸಗಿ ವಿಶೇಷ ಶಾಲೆಗಳಲ್ಲಿ, ಥೆರಪಿ ಕೇಂದ್ರಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಿಆರ್‌ಆರ್ ಸಂಖ್ಯೆಯೇ ಮುಖ್ಯ. ಸಿಬಿಎಸ್‌ಇ ಸಂಯೋಜನಾ ನಿಯಮಗಳು ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಇರಬೇಕೆಂದು ಹೇಳುವುದರಿಂದ ನಗರಗಳ ಶಾಲೆಗಳಲ್ಲಿಯೂ ಅವಕಾಶಗಳಿವೆ.

ಸರ್ಕಾರಿ ಹುದ್ದೆಯ ದಾರಿಯಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಎದುರಾಗುತ್ತದೆ. ಎನ್‌ಸಿಟಿಇ 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯು ಒಂದರಿಂದ ಐದನೆಯ ತರಗತಿಗೆ ವಿಶೇಷ ಶಿಕ್ಷಣದ ಡಿ.ಎಡ್. ಅನ್ನೂ, ಆರರಿಂದ ಎಂಟನೆಯ ತರಗತಿಗೆ ವಿಶೇಷ ಶಿಕ್ಷಣದ ಬಿ.ಎಡ್. ಅನ್ನೂ ಅರ್ಹತೆಗಳ ಸಾಲಿನಲ್ಲಿ ಸೇರಿಸಿತು. ಹಾಗೆ ನೇಮಕವಾದವರು ನಂತರ ಪ್ರಾಥಮಿಕ ಶಿಕ್ಷಣದಲ್ಲಿ ಆರು ತಿಂಗಳ ತರಬೇತಿ ಪಡೆಯಬೇಕೆಂದೂ ಹೇಳಿತು. ಟಿಇಟಿಯ ಪ್ರತಿ ಪತ್ರಿಕೆಯಲ್ಲಿ 150 ಅಂಕಗಳ 150 ಪ್ರಶ್ನೆಗಳಿರುತ್ತವೆ. ಕರ್ನಾಟಕದಲ್ಲಿ ಸಾಮಾನ್ಯ ಅಭ್ಯರ್ಥಿಗಳು ಶೇ. 60, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ವಿಕಲಚೇತನ ಅಭ್ಯರ್ಥಿಗಳು ಶೇ. 55 ಅಂಕ ಪಡೆಯಬೇಕು. ಒಮ್ಮೆ ಅರ್ಹರಾದರೆ ಆ ಪ್ರಮಾಣಪತ್ರಕ್ಕೆ ಈಗ ಜೀವಮಾನವಿಡೀ ಮಾನ್ಯತೆ ಇದೆ. ವಿಶೇಷ ಶಿಕ್ಷಣದ ಅಭ್ಯರ್ಥಿಗಳು ಬಾಲವಿಕಾಸದ ಭಾಗದಲ್ಲಿ ಸುಲಭವಾಗಿ ಅಂಕ ಗಳಿಸಿ, ಗಣಿತ ಮತ್ತು ಪರಿಸರ ಅಧ್ಯಯನದಲ್ಲಿ ಸೋಲುವುದನ್ನು ಕಂಡಿದ್ದೇನೆ. ಕೋರ್ಸಿನ ಎರಡನೆಯ ವರ್ಷದಿಂದಲೇ ಶಾಲಾ ಪಠ್ಯಪುಸ್ತಕಗಳನ್ನು ತಿರುವಿಹಾಕುವುದು ಒಳ್ಳೆಯದು.

ಹುದ್ದೆಗಳ ಸಂಖ್ಯೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ನ್ಯಾಯಾಲಯವು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಶಿಕ್ಷಕರ ಅನುಪಾತವನ್ನು ನಿಗದಿಪಡಿಸಬೇಕೆಂದು ಹೇಳಿತು. ಅದರಂತೆ ಕೇಂದ್ರ ಶಿಕ್ಷಣ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಅಧಿಸೂಚಿಸಿತು. ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿಗೆ ಕ್ರಮ ಕೈಗೊಳ್ಳುವಂತೆ ನ್ಯಾಯಾಲಯವು 2025ರ ಮಾರ್ಚ್ 7ರಂದು ರಾಜ್ಯಗಳಿಗೆ ಮತ್ತೆ ನಿರ್ದೇಶನ ಕೊಟ್ಟಿತು. ಅಧಿಸೂಚನೆ ಬಂದ ದಿನ ಕೈಯಲ್ಲಿ ಸಿಂಧುವಾದ ಸಿಆರ್‌ಆರ್ ಮತ್ತು ಟಿಇಟಿ ಎರಡೂ ಇರುವವರು ಅರ್ಜಿ ಹಾಕುತ್ತಾರೆ. ಒಂದಿಲ್ಲದವರು ಮುಂದಿನ ಅಧಿಸೂಚನೆಗಾಗಿ ಕಾಯುತ್ತಾರೆ.

ನೋಂದಣಿಯನ್ನು ಉಳಿಸಿಕೊಳ್ಳುವುದು

ಸಿಆರ್‌ಆರ್ ಪ್ರಮಾಣಪತ್ರದ ಅವಧಿ ಐದು ವರ್ಷ. ನವೀಕರಣಕ್ಕೆ ಆ ಅವಧಿಯಲ್ಲಿ ಆರ್‌ಸಿಐ ಅನುಮೋದಿಸಿದ ನಿರಂತರ ಪುನರ್ವಸತಿ ಶಿಕ್ಷಣದ, ಅಂದರೆ ಸಿಆರ್‌ಇ ಕಾರ್ಯಾಗಾರಗಳಲ್ಲಿ ಭಾಗವಹಿಸಿ 100 ಅಂಕಗಳನ್ನು ಗಳಿಸಿರಬೇಕು. ವರ್ಷಕ್ಕೆ 20 ಅಂಕ ಎಂದು ಲೆಕ್ಕವಿಟ್ಟುಕೊಂಡರೆ ಹೊರೆಯಾಗುವುದಿಲ್ಲ. ಕೊನೆಯ ಆರು ತಿಂಗಳಲ್ಲಿ ಅಷ್ಟನ್ನೂ ಗಳಿಸಲು ಹೊರಟವರು ತಮಗೆ ಸಂಬಂಧವಿಲ್ಲದ ವಿಷಯಗಳ ಕಾರ್ಯಾಗಾರಗಳಲ್ಲಿ ರಜೆ ಹಾಕಿ ಕುಳಿತುಕೊಳ್ಳಬೇಕಾಗುತ್ತದೆ. ಕಾರ್ಯಾಗಾರಕ್ಕೆ ಹೆಸರು ಕೊಡುವ ಮೊದಲು ಅದಕ್ಕೆ ಪರಿಷತ್ತಿನ ಅನುಮೋದನೆ ಇದೆಯೇ, ಎಷ್ಟು ಅಂಕ, ನಿಮ್ಮ ವೃತ್ತಿವರ್ಗಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿ. ಸಿಆರ್‌ಆರ್ ಸಂಖ್ಯೆಯನ್ನು ಅಲ್ಲಿ ತಪ್ಪಿಲ್ಲದೆ ಬರೆದುಕೊಟ್ಟು, ಹಾಜರಾತಿ ಪ್ರಮಾಣಪತ್ರವನ್ನು ಅಂದೇ ಪಡೆದು, ಅವಧಿ ಮುಗಿಯುವ ದಿನಾಂಕವನ್ನು ದೊಡ್ಡದಾಗಿ ಬರೆದ ಕಡತದಲ್ಲಿ ಒಂದರ ಹಿಂದೆ ಒಂದು ಸೇರಿಸುತ್ತ ಹೋಗಿ.